ಜೋಗದಲ್ಲಿ ‘ಫಾಲ್ಸ್ ವ್ಯೂ’ ರೂಮು ಬುಕ್ ಮಾಡುವ ಮುಂಚೆ ದಯವಿಟ್ಟು ಇದನ್ನು ಓದಿ

ಇವತ್ತು ಬೆಳಗ್ಗೆ ಅದೇ ನಂಬರಿನಿಂದ ಮತ್ತೆ ಮೆಸೇಜ್ ಬಂತು. ‘ಮಾನ್ಸೂನ್ ಆಫರ್, ಕಪಲ್ ಸ್ಪೆಷಲ್, ಎರಡೇ ರೂಮು ಬಾಕಿ.’ ಜೊತೆಗೆ ಅದೇ ಫೋಟೋ. ನನ್ನ ದುಡ್ಡು ನುಂಗಿ, ನನ್ನ ಹತ್ತಿರ ಅಷ್ಟೆಲ್ಲ ಬೈಸಿಕೊಂಡು, ಈಗ ನನಗೇ ಆಫರ್ ಕಳಿಸುತ್ತಿದ್ದಾನೆ! ನಾನು ಯಾರು ಅಂತಲೇ ಅವನಿಗೆ ನೆನಪಿಲ್ಲ. ಅಷ್ಟು ಜನರಿಗೆ ಹೀಗೆ ಮಾಡಿರಬೇಕು. ಹತ್ತು ದಿನದಿಂದ ನಾಚಿಕೆಗೆ ಯಾರಿಗೂ ಹೇಳದೆ ಸುಮ್ನಿದ್ದೆ. ಆ ಫೋಟೋ ನೋಡಿದ ಮೇಲೆ ಆಗಲಿಲ್ಲ.

ನಾವು ತುಮಕೂರಿನವರು. ಮದುವೆಯಾಗಿ ಆರು ವರ್ಷ, ಮಗನಿಗೆ ನಾಲ್ಕು. ಅವನು ಹುಟ್ಟಿದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋಗಿಲ್ಲ. ಈ ಸಲ ಆ್ಯನಿವರ್ಸರಿ ವಾರಾಂತ್ಯಕ್ಕೇ ಬಂತು. ಅತ್ತೆ ತಾವಾಗಿಯೇ ‘ಮಗೂನ ಬಿಟ್ಟು ಹೋಗಿ ಬನ್ನಿ’ ಅಂದರು. ನಾನು ಜೋಗ ನೋಡಿರಲಿಲ್ಲ. ಇಲ್ಲಿ ರಾತ್ರಿ ರೈಲು ಹತ್ತಿ ಮಲಗಿದರೆ ಬೆಳಗ್ಗೆ ತಾಳಗುಪ್ಪ, ಅಲ್ಲಿಂದ ಜೋಗ ಹದಿನೈದು ಕಿಲೋಮೀಟರ್ ಚಿಲ್ಲರೆ. ನಮ್ಮವರು ‘ಜೂನ್ ಈಗಿನ್ನೂ ಶುರುವಾಗಿದೆ, ಆಗಸ್ಟಿಗೆ ಹೋಗೋಣ’ ಅಂದರು. ನಾನು ಕೇಳಲಿಲ್ಲ. ಹಠ ನನ್ನದೇ, ಒಪ್ಪುತ್ತೇನೆ.

ರೀಲ್ಸ್‌ನಲ್ಲಿ ಒಂದು ಹೋಮ್‌ಸ್ಟೇ ಸಿಕ್ಕಿತು. ಹೆಸರು ಇಲ್ಲಿ ಬರೆಯಲ್ಲ. ನಾಲ್ಕೂ ಕವಲು ಧುಮ್ಮಿಕ್ಕುತ್ತಿರುವ ಫೋಟೋ, ಅದರ ಮುಂದೆ ಎರಡು ಕಾಫಿ ಕಪ್ಪು. ಕೆಳಗೆ ‘ಫಾಲ್ಸ್ ವ್ಯೂ ರೂಮ್’. ಫೋನ್ ಮಾಡಿದೆ. ಮಾತು ಅಂದರೆ ಮಾತು, ಬೆಣ್ಣೆ.

‘ರೂಮಿಂದ ಫಾಲ್ಸ್ ಕಾಣುತ್ತಾ?’ ಅಂದೆ.

‘ಫಾಲ್ಸ್ ವ್ಯೂ ಅಂದ್ಮೇಲೆ ಮೇಡಂ?’ ಅಂದ.

ಈಗ ಯೋಚಿಸಿದರೆ, ಅವನು ‘ಕಾಣುತ್ತೆ’ ಅಂತ ಒಂದು ಸಲವೂ ಹೇಳಿಲ್ಲ. ಒಂದು ಸಲವೂ!

‘ನೀರಿದೆಯಾ?’ ಅಂದರೆ, ‘ಶನಿವಾರ ಬೆಳಗ್ಗೆ ಡ್ಯಾಮ್ ಗೇಟ್ ತೆಗೀತಾರೆ ಮೇಡಂ. ಹೊರಗಿನವರಿಗೆ ಹೇಳಲ್ಲ, ನಮಗೆ ಒಳಗಿಂದ ಗೊತ್ತಾಗುತ್ತೆ. ನಿಮ್ಮ ಲಕ್’ ಅಂದ. ನಾನು ಇದನ್ನು ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ನಮಗೆ ಒಳಗಿನ ಮಾಹಿತಿ ಸಿಕ್ಕಿದೆ ಅಂತ. ಛೆ.

ಎರಡು ರಾತ್ರಿಗೆ ಒಂಬತ್ತು ಸಾವಿರ, ಅರ್ಧ ಅಡ್ವಾನ್ಸ್. ಅದು ಸರಿ, ಎಲ್ಲರೂ ಕೇಳುತ್ತಾರೆ. ಹಾಕಿದೆ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಯಾರದೋ ಹೆಂಗಸಿನ ಹೆಸರು ಬಂತು. ಕೇಳಿದರೆ ‘ಅಕೌಂಟೆಂಟ್ ಅಕೌಂಟು ಮೇಡಂ’. ಇಬ್ಬರದೂ ಆಧಾರ್ ಫೋಟೋ ಕೇಳಿದ, ಕಳಿಸಿದೆ. ಲೊಕೇಶನ್ ಕಳಿಸಿ ಅಂದರೆ ‘ಅಲ್ಲಿ ನೆಟ್‌ವರ್ಕ್ ಇರಲ್ಲ ಮೇಡಂ, ಲೊಕೇಶನ್ ತಪ್ಪು ತೋರಿಸುತ್ತೆ, ತಾಳಗುಪ್ಪಕ್ಕೆ ನಮ್ಮ ಗಾಡಿನೇ ಬರುತ್ತೆ’ ಅಂದ. ಶುಕ್ರವಾರ ಮಧ್ಯಾಹ್ನ ಅವನೇ ಫೋನ್ ಮಾಡಿದ. ಇವತ್ತೇ ಪೂರ್ತಿ ದುಡ್ಡು ಹಾಕಿದರೆ ಕ್ಯಾಂಡಲ್ ಲೈಟ್ ಡಿನ್ನರ್ ಫ್ರೀ. ಇಲ್ಲಾಂದ್ರೆ ಬೆಂಗಳೂರಿನ ಪಾರ್ಟಿಯೊಂದು ಅದೇ ರೂಮಿಗೆ ಕಾಯುತ್ತಿದೆ. ನಾನು ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ಹುರುಳಿಕಾಯಿಗೆ ಎರಡು ರೂಪಾಯಿಗಾಗಿ ಹತ್ತು ನಿಮಿಷ ಜಗಳ ಆಡುವವಳು. ಊಟದ ಡಬ್ಬಿ ಮುಚ್ಚುವುದರೊಳಗೆ ಉಳಿದ ನಾಲ್ಕೂವರೆ ಸಾವಿರ ಹಾಕಿಬಿಟ್ಟೆ. ನಮ್ಮವರಿಗೆ ಹೇಳಲೂ ಇಲ್ಲ.

ಬೆಳಗ್ಗೆ ತಾಳಗುಪ್ಪದಲ್ಲಿ ಇಳಿದೆವು. ತುಂತುರು ಮಳೆ. ಗಾಡಿ ಇಲ್ಲ. ಮೂರನೇ ಸಲಕ್ಕೆ ಫೋನ್ ಎತ್ತಿ ‘ಗಾಡಿ ಪಂಕ್ಚರ್ ಮೇಡಂ, ಆಟೋದಲ್ಲಿ ಬನ್ನಿ, ಅಡ್ಜಸ್ಟ್ ಮಾಡ್ಕೊಳ್ಳೋಣ’ ಅಂದ. ಆಟೋದವರು ಫೋನಿನಲ್ಲಿ ದಾರಿ ಕೇಳಿಕೊಂಡು ನನ್ನ ಮುಖ ನೋಡಿದರು. ‘ಅಕ್ಕ, ಇದು ಜೋಗದ ಕಡೆ ಅಲ್ವಲ್ಲ. ವಾಪಸ್ ಸಾಗರದ ಕಡೆ ಹೋಗಬೇಕು.’ ಅಂದರೆ ಜೋಗಕ್ಕೆ ಬೆನ್ನು ಹಾಕಿಕೊಂಡು ಹೋದೆವು, ಆರುನೂರು ರೂಪಾಯಿ ಕೊಟ್ಟು. ಮುಖ್ಯ ರಸ್ತೆ ಬಿಟ್ಟು ಒಳಗೆ, ಇನ್ನೂ ಒಳಗೆ. ಆಗಲೇ ನನ್ನ ಹೊಟ್ಟೆಯಲ್ಲಿ ಒಂಥರಾ ಶುರುವಾಗಿತ್ತು. ನಮ್ಮವರು ಮಾತ್ರ ‘ಮಳೆ ಚೆನ್ನಾಗಿದೆ ಅಲ್ವಾ’ ಅನ್ನುತ್ತಿದ್ದರು.

ಕೆಲಸದ ಹುಡುಗ ಬೀಗ ತೆಗೆದ. ಮುಗ್ಗಲು ವಾಸನೆ. ಬ್ಯಾಗು ಕೆಳಗಿಡದೆ ನಾನು ನೇರ ಕಿಟಕಿಗೆ ಹೋದೆ, ಪರದೆ ಸರಿಸಿದೆ. ಅಡಿಕೆ ತೋಟ. ಎಡಕ್ಕೆ ಅಡಿಕೆ, ಬಲಕ್ಕೆ ಅಡಿಕೆ, ನಡುವೆ ಒಂದು ನೀರಿನ ಡ್ರಮ್ಮು. ಅಡಿಕೆ ಮರ ನೋಡೋದಕ್ಕೆ ನಾನು ರಾತ್ರಿ ಪೂರ್ತಿ ರೈಲಿನಲ್ಲಿ ಕೂರಬೇಕಿತ್ತಾ? ಗುಬ್ಬಿ ಹತ್ತಿರ ನಮ್ಮ ಮಾವನವರದೇ ತೋಟ ಇದೆ.

‘ಫಾಲ್ಸ್ ಎಲ್ಲಪ್ಪಾ?’ ಅಂದೆ.

ಹುಡುಗ ನನ್ನ ಹಿಂದೆ ಕೈ ತೋರಿಸಿದ. ತಿರುಗಿದೆ. ಮಂಚದ ತಲೆ ಕಡೆ, ಗೋಡೆ ತುಂಬ ಜೋಗದ ಫ್ಲೆಕ್ಸ್ ಅಂಟಿಸಿದ್ದರು. ಒಂದು ಮೂಲೆ ಕಿತ್ತು ಬಂದಿತ್ತು. ನನ್ನ ಫೋನಿಗೆ ಬಂದಿದ್ದ ಅದೇ ಫೋಟೋ.

‘ಫಾಲ್ಸ್ ವ್ಯೂ ಅನ್ನೋದು ರೂಮಿನ ಹೆಸರು ಅಕ್ಕ’ ಅಂದ ಆ ಹುಡುಗ. ‘ಆ ಕಡೆದು ರಿವರ್ ವ್ಯೂ.’

ರಿವರ್ ಎಲ್ಲಿದೆ ಅಂತ ನಾನು ಕೇಳಲಿಲ್ಲ. ನಮ್ಮವರು ನಗುತ್ತಾರೇನೋ ಅಂತ ನೋಡಿದೆ. ನಗಲಿಲ್ಲ. ಬ್ಯಾಗು ಕೆಳಗಿಟ್ಟು, ಮಂಚದ ಮೇಲೆ ಕೂತು ಶೂ ಬಿಚ್ಚತೊಡಗಿದರು. ಅವರು ಒಂದು ಮಾತು ಬೈದಿದ್ದರೂ ನನಗೆ ಅಷ್ಟು ಅವಮಾನ ಆಗುತ್ತಿರಲಿಲ್ಲ.

ಅವನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ಓದಿ.

‘ಮೇಡಂ, ಜೋಗ್ ಏರಿಯಾ ಅಂತ ಹಾಕಿದ್ದೀವಿ, ಜೋಗ್ ಅಂತ ಹಾಕಿಲ್ಲ.’

ವ್ಯೂ ಎಲ್ಲಿ ಅಂದರೆ, ‘ಜೋಗದಲ್ಲೇ ಇದ್ರೂ ಮಳೆಗಾಲದಲ್ಲಿ ಮಂಜು ಮೇಡಂ, ಏನೂ ಕಾಣಲ್ಲ. ನಮ್ಮಲ್ಲಿ ಮಂಜಿನ ಕಾಟ ಇಲ್ಲ.’ ಹೌದು, ಫ್ಲೆಕ್ಸ್‌ಗೆ ಮಂಜು ಕವಿಯಲ್ಲ.

‘ದುಡ್ಡು ವಾಪಸ್ ಹಾಕಿ, ನಾವು ಬೇರೆ ಕಡೆ ಹೋಗ್ತೀವಿ’ ಅಂದಿದ್ದಕ್ಕೆ, ‘ಕಪಲ್ ತಾನೇ ಮೇಡಂ, ಎಲ್ಲಿದ್ರೂ ಒಂದೇ ಅಲ್ವಾ?’ ಅಂದು ನಕ್ಕ. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಜೋಗಕ್ಕೆ ಇನ್ನೊಂದು ಆಟೋ, ಹೋಗಿ ಬರಲು ಸಾವಿರದ ಇನ್ನೂರು. ಹೋಗಿ ನೋಡಿದರೆ ಬಂಡೆ. ಅಷ್ಟು ದೊಡ್ಡ ಕಪ್ಪು ಬಂಡೆಯ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ದಾರದಂತೆ ನೀರು. ರಾಜ ಯಾವುದು, ರೋರರ್ ಯಾವುದು, ರಾಕೆಟ್ ಯಾವುದು, ರಾಣಿ ಯಾವುದು ಅಂತ ಪಕ್ಕದವರು ಮಕ್ಕಳಿಗೆ ಜಾಗ ತೋರಿಸಿ ಹೇಳುತ್ತಿದ್ದರು. ಗೇಟ್ ತೆಗೆದಿದ್ದಾರಾ ಅಂತ ಟೀ ಮಾರುವವರನ್ನು ಕೇಳಿದೆ. ಅವರು ಪಾಪ ಒಳ್ಳೆಯವರು, ನಗದೆ ಹೇಳಿದರು. ‘ಜೂನಲ್ಲಿ ಯಾರಕ್ಕ ಗೇಟ್ ತೆಗೀತಾರೆ? ಲಿಂಗನಮಕ್ಕಿ ತುಂಬಬೇಕು, 1819 ಅಡಿ. ಆ ನೀರಲ್ಲಿ ಕರೆಂಟ್ ತೆಗೀಬೇಕಲ್ವಾ, ಸುಮ್ನೆ ಬಿಡ್ತಾರಾ?’ 1964ರಲ್ಲಿ ಆ ಅಣೆಕಟ್ಟು ಆದಾಗಿನಿಂದ ಇದು ಹೀಗೇ. ಜೋರು ಮಳೆ ಹಿಡಿದು ನಾಲ್ಕು ದಿನ ಸುರಿದರೆ, ಇಲ್ಲಾ ಡ್ಯಾಮ್ ತುಂಬಿ ನೀರು ಬಿಟ್ಟರೆ ಮಾತ್ರ ಫೋಟೋದಲ್ಲಿರುವ ಜೋಗ. ಶಾಲೆಯಲ್ಲಿ ಶರಾವತಿ ವಿದ್ಯುತ್ ಯೋಜನೆ ಅಂತ ಬಾಯಿಪಾಠ ಮಾಡಿದ್ದೆ, 253 ಮೀಟರ್ ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೆ. ನೀರು ಎಲ್ಲಿಂದ ಬರುತ್ತೆ ಅಂತ ಮಾತ್ರ ತಲೆಗೆ ಹೋಗಿರಲಿಲ್ಲ.

ಅಲ್ಲೇ ಇನ್ನೊಂದು ಗೊತ್ತಾಯಿತು. ನಾನು ಕಂಬಿ ಹಿಡಿದು ನಿಂತಿದ್ದೆ. ಈ ಕಂಬಿ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಫೋನ್ ತೆಗೆದು ನೋಡಿದರೆ, ಅವನು ಕಳಿಸಿದ್ದ ‘ಬಾಲ್ಕನಿ’ ಫೋಟೋದ ಕೆಳಗೆ, ಕಾಫಿ ಕಪ್ಪಿನ ಪಕ್ಕ, ಇದೇ ಕಂಬಿಯ ತುಂಡು! ಸಾರ್ವಜನಿಕರು ನಿಂತು ನೋಡುವ ಜಾಗದಲ್ಲಿ ಎರಡು ಕಪ್ಪು ಇಟ್ಟು ಫೋಟೋ ಹೊಡೆದುಕೊಂಡು ಬಂದಿದ್ದಾನೆ. ನಾನು ಆ ಫೋಟೋವನ್ನು ಸ್ಟೇಟಸ್‌ಗೂ ಹಾಕಿದ್ದೆ.

ಜೋಗದ ಮೇಲೆ ನನಗೆ ಕೋಪ ಇಲ್ಲ. ನೀರಿಲ್ಲದಿದ್ದರೂ ಆ ಕಮರಿ ನೋಡಿದಾಗ ಕಾಲು ನಡುಗಿತು. ನಾವಿಬ್ಬರೂ ಅರ್ಧ ಗಂಟೆ ಮಾತಿಲ್ಲದೆ ನಿಂತಿದ್ದೆವು. ನಮ್ಮವರು ಸುಟ್ಟ ಜೋಳ ಕೊಡಿಸಿದರು. ಇಡೀ ಪ್ರವಾಸದಲ್ಲಿ ಚೆನ್ನಾಗಿದ್ದದ್ದು ಅದೊಂದೇ.

ರಾತ್ರಿ ಕ್ಯಾಂಡಲ್ ಲೈಟ್ ಡಿನ್ನರ್ ಮಾತ್ರ ಮಾತು ಕೊಟ್ಟ ಹಾಗೇ ಆಯಿತು. ಕರೆಂಟ್ ಹೋಗಿತ್ತು. ನಾಡಿಗೆ ಕರೆಂಟ್ ಕೊಡುವ ಶರಾವತಿಯ ಊರಲ್ಲಿ ನಾವು ಮೇಣದ ಬತ್ತಿ ಹಚ್ಚಿಕೊಂಡು ತಣ್ಣಗಿನ ಚಪಾತಿ ತಿಂದೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ದೇವರಾಯನದುರ್ಗ ಹತ್ತಿ ಬಂದಿದ್ದರೂ ಇದಕ್ಕಿಂತ ನೂರು ಪಾಲು ಚೆನ್ನಾಗಿರುತ್ತಿತ್ತು.

ಮರುದಿನ ಬೆಳಗ್ಗೆಯೇ ಹೊರಟೆವು. ಉಳಿದ ಒಂದು ರಾತ್ರಿಯ ದುಡ್ಡಾದರೂ ಕೊಡಿ ಅಂತ ಕೇಳಿದೆ. ಮೊದಲು ‘ಸೋಮವಾರ ಹಾಕ್ತೀನಿ’ ಅಂದ. ಸೋಮವಾರ ‘ಅಕೌಂಟೆಂಟ್ ರಜ’. ಮಂಗಳವಾರ ‘ನೀವಾಗಿ ಖಾಲಿ ಮಾಡಿದ್ದು, ರೀಫಂಡ್ ಬರಲ್ಲ’. ಎಲ್ಲ ಕಡೆ ಬರೆಯುತ್ತೇನೆ ಅಂದಾಗ ವಾಯ್ಸ್ ಮೆಸೇಜ್ ಬಂತು. ‘ಬರೀರಿ ಮೇಡಂ. ನಿಮ್ಮಿಬ್ಬರ ಆಧಾರ್ ನಮ್ಮ ಹತ್ರ ಇದೆ. ನಿಜವಾಗ್ಲೂ ಗಂಡ ಹೆಂಡ್ತಿನಾ ಅಂತ ನಾವೂ ಬರೀಬಹುದಲ್ವಾ?’

ಇದನ್ನು ಕೇಳಿ ಕೈ ನಡುಗಿತು. ನಾವು ಮದುವೆಯಾದವರು, ಮಗ ಇದ್ದಾನೆ, ನನಗೇನು ಭಯ? ಆದರೂ ನಡುಗಿತು. ಮದುವೆ ಆಗದ ಜೋಡಿಗಳು ಹೋಗಿದ್ದರೆ ಬಾಯಿ ಬಿಡುತ್ತಾರಾ? ಅದಕ್ಕೇ ಅವನು ‘ಕಪಲ್ ಸ್ಪೆಷಲ್’ ಅಂತಲೇ ಹಾಕೋದು. ಈಗ ಅರ್ಥ ಆಗುತ್ತಿದೆ.

ಆ ವಾಯ್ಸ್ ಮೆಸೇಜ್ ಇಟ್ಟುಕೊಂಡಿದ್ದೇನೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ನೋಡೋಣ. ರೂಮೇ ಇಲ್ಲದೆ ದುಡ್ಡು ಹೊಡೆದವರಾದರೆ 1930ಕ್ಕೆ ತಕ್ಷಣ ಮಾಡಿ, ಅದು ಸೈಬರ್ ವಂಚನೆಯ ನಂಬರು. ಪೂರ್ತಿ ದುಡ್ಡು ಮೊದಲೇ ಹಾಕಬೇಡಿ. ಲೊಕೇಶನ್ ಕೊಡದವನಿಗೆ ಒಂದು ರೂಪಾಯಿಯೂ ಹಾಕಬೇಡಿ. ಆ ಕಿಟಕಿಯಿಂದ ಈಗಲೇ ವಿಡಿಯೋ ಕಾಲ್ ಮಾಡು ಅನ್ನಿ, ಮಾಡಲ್ಲ. ಆಧಾರ್ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಕೊಡಿ, ನನ್ನ ಹಾಗೆ ಎರಡೂ ಕಡೆ ಫೋಟೋ ಹೊಡೆದು ಕಳಿಸಬೇಡಿ. ಮತ್ತೆ, ಬೆಣ್ಣೆ ಹಾಗೆ ಮಾತಾಡುವವನನ್ನು ನಂಬಬೇಡಿ. ಇದು ನಾನು ಹೊಟ್ಟೆ ಉರಿದು ಆಡಿದ ಮಾತು ಅಂದರೂ ಪರವಾಗಿಲ್ಲ.

ಮನೆಯಲ್ಲಿ ಅತ್ತೆಗೆ ‘ಚೆನ್ನಾಗಿತ್ತು, ಒಂದು ದಿನ ಮುಂಚೆ ಬಂದ್ವಿ’ ಅಂತ ಹೇಳಿದೆವು. ಮಾವ ಪೇಪರಿನಿಂದ ತಲೆ ಎತ್ತದೆ ‘ಲಿಂಗನಮಕ್ಕಿ ಇನ್ನೂ ತುಂಬೇ ಇಲ್ವಲ್ಲಮ್ಮ, ಅಲ್ಲಿ ಏನು ನೋಡಿದ್ರಿ?’ ಅಂದರು. ದಿನಾ ಕಾಫಿ ಜೊತೆ ಜಲಾಶಯಗಳ ನೀರಿನ ಮಟ್ಟ ಓದುವ ಮನುಷ್ಯ ನಮ್ಮ ಮನೆಯಲ್ಲೇ ಇದ್ದಾರೆ. ನಾನು ಅವರನ್ನು ಒಂದು ಮಾತು ಕೇಳಿರಲಿಲ್ಲ. ಈಗ ದಿನಾ ಬೆಳಗ್ಗೆ, ನಾನು ಕೇಳದಿದ್ದರೂ, ಅಡುಗೆಮನೆಗೆ ಕೇಳುವಷ್ಟು ಜೋರಾಗಿ ಲಿಂಗನಮಕ್ಕಿಯದು ಮಾತ್ರ ಎರಡು ಸಲ ಓದುತ್ತಾರೆ.