ಟ್ಯಾಕಲ್ ನೋಡ್ಬೇಕಾ, ಸ್ಯಾಕ್ ನೋಡ್ಬೇಕಾ? ಮೂರು ಸೀಸನ್, ಮೂರು ಪಟ್ಟಿ

2022ರ ಆಗಸ್ಟ್ 31, ಗಣೇಶನ ಹಬ್ಬ. ಓಹಾಯೋದ ಕೊಲಂಬಸ್‌ನಲ್ಲಿ ಅದು ಮಾಮೂಲಿ ಬುಧವಾರ. ಆಫೀಸಿನಿಂದ ಬಂದು, ಪೂಜೆ ಮುಗಿಸಿ, ಎರಡು ಕಡುಬು ತಿಂದು ಎಂಟು ಗಂಟೆಗೆ ಲ್ಯಾಪ್‌ಟಾಪ್ ಮುಂದೆ ಕೂತೆ. ನಮ್ಮ ಹನ್ನೆರಡು ಜನರ ಫ್ಯಾಂಟಸಿ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ಲೀಗ್‌ನ ಡ್ರಾಫ್ಟ್, ಅಂದರೆ ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿ ನಮ್ಮ ನಮ್ಮ ತಂಡ ಕಟ್ಟೋ ದಿನ ಅವತ್ತೇ ಇತ್ತು. ಆ ವರ್ಷ ಹೊಸ ನಿಯಮ ಬಂದಿತ್ತು. ಅಲ್ಲಿಯವರೆಗೆ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ತಂಡವೊಂದರ ಇಡೀ ಡಿಫೆನ್ಸನ್ನು ಒಟ್ಟಿಗೆ ತಗೊಳ್ತಿದ್ವಿ. ಇನ್ನು ಮೇಲೆ ಡಿಫೆನ್ಸ್ ಆಟಗಾರರನ್ನೂ ಒಬ್ಬೊಬ್ಬರಾಗಿ ಆರಿಸಬೇಕು. ಇದನ್ನೇ ಐಡಿಪಿ (ಇಂಡಿವಿಜುವಲ್ ಡಿಫೆನ್ಸಿವ್ ಪ್ಲೇಯರ್) ಲೀಗ್ ಅಂತಾರೆ.

ಪ್ರತಿ ತಂಡಕ್ಕೂ ಮುಂದಿನ ಸಾಲಿನ ಇಬ್ಬರು ಲೈನ್‌ಮನ್, ಅವರ ಹಿಂದೆ ನಿಲ್ಲುವ ಮೂವರು ಲೈನ್‌ಬ್ಯಾಕರ್, ಹಿಂದಿನ ಸಾಲಿನ ಮೂವರು (ಕಾರ್ನರ್‌ಬ್ಯಾಕ್ ಅಥವಾ ಸೇಫ್ಟಿ) ಬೇಕು. ಚೆಂಡು ಹಿಡಿದವರನ್ನು ಒಬ್ಬರೇ ಬೀಳಿಸಿದರೆ, ಅಂದರೆ ಟ್ಯಾಕಲ್‌ಗೆ 1 ಪಾಯಿಂಟ್, ಇನ್ನೊಬ್ಬರ ಜೊತೆ ಸೇರಿ ಬೀಳಿಸಿದರೆ ಅರ್ಧ. ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡು ಎಸೆಯುವ ಮುಂಚೆಯೇ ಬೀಳಿಸಿದರೆ, ಅಂದರೆ ಸ್ಯಾಕ್‌ಗೆ 3. ಎದುರಾಳಿ ಎಸೆದ ಪಾಸನ್ನು ತಾವೇ ಹಿಡಿದರೆ, ಅಂದರೆ ಇಂಟರ್‌ಸೆಪ್ಷನ್‌ಗೆ 4. ಪಾಸ್ ತಡೆದರೆ 1.

ಈ ಎಂಟು ಜನರನ್ನು ಯಾವ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಬೇಕು? ಮೂರು ಸೀಸನ್‌ನಲ್ಲಿ ಮೂರು ದಾರಿ ಹಿಡಿದು ನೋಡಿದೆ. ನಿಯಮ ಅದೇ, ಎದುರಾಳಿಗಳೂ ಅವರೇ. ಬದಲಾಗಿದ್ದು ನನ್ನ ಪಟ್ಟಿ ಮಾತ್ರ. ಹಾಗಾಗಿ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ಮೊದಲ ವರ್ಷ: ಹೋದ ಸೀಸನ್‌ನ ಪಾಯಿಂಟ್

ಎಲ್ಲರೂ ಶುರು ಮಾಡೋದು ಇಲ್ಲಿಂದಲೇ. ಹಿಂದಿನ ವರ್ಷ ಯಾರು ಎಷ್ಟು ಗಳಿಸಿದರು ನೋಡು, ಮೇಲಿಂದ ಕೆಳಗೆ ಬರೆದುಕೋ, ಸಿಕ್ಕವರನ್ನು ತಗೋ. 2021ರಲ್ಲಿ ಪಿಟ್ಸ್‌ಬರ್ಗ್‌ನ ಟಿ.ಜೆ. ವ್ಯಾಟ್ 22.5 ಸ್ಯಾಕ್ ಮಾಡಿ, ಮೈಕಲ್ ಸ್ಟ್ರೇಹನ್ 2001ರಲ್ಲಿ ಮಾಡಿದ್ದ ದಾಖಲೆಯನ್ನು ಸರಿಗಟ್ಟಿದ್ದರು. ಡಲ್ಲಾಸ್‌ನ ಕಾರ್ನರ್‌ಬ್ಯಾಕ್ ಟ್ರೆವನ್ ಡಿಗ್ಸ್ 11 ಇಂಟರ್‌ಸೆಪ್ಷನ್ ತೆಗೆದಿದ್ದರು. ಇಬ್ಬರನ್ನೂ ತಗೊಂಡೆ. ವ್ಯಾಟ್‌ಗಾಗಿ ಚೆಂಡು ಹಿಡಿದು ಓಡುವ ಒಬ್ಬ ಒಳ್ಳೆಯ ರನ್ನಿಂಗ್ ಬ್ಯಾಕ್‌ನನ್ನು ಕೈಬಿಡಬೇಕಾಯಿತು.

ಮೊದಲ ಭಾನುವಾರವೇ ಪಿಟ್ಸ್‌ಬರ್ಗ್ ನಮ್ಮ ಪಕ್ಕದ ಸಿನ್ಸಿನಾಟಿಗೆ ಆಡಲು ಬಂದಿತ್ತು. ವ್ಯಾಟ್ ಒಂದು ಸ್ಯಾಕ್ ಮಾಡಿದರು, ಒಂದು ಇಂಟರ್‌ಸೆಪ್ಷನ್ ಕೂಡ ತೆಗೆದರು. ನನ್ನ ಖುಷಿಗೆ ಕೊನೆಯಿರಲಿಲ್ಲ. ನಾಲ್ಕನೇ ಕ್ವಾರ್ಟರ್‌ನ ಕೊನೆಯಲ್ಲಿ ಅವರು ಎಡಗೈ ಇಳಿಬಿಟ್ಟುಕೊಂಡು ಎದೆ ಹಿಡಿದು ಹೊರಗೆ ನಡೆದದ್ದು ಇನ್ನೂ ಕಣ್ಣಮುಂದಿದೆ. ಎದೆಯ ಸ್ನಾಯು ಹರಿದಿತ್ತು. ಆ ಸೀಸನ್‌ನಲ್ಲಿ ಅವರು ಆಡಿದ್ದು 10 ಪಂದ್ಯ, ಮಾಡಿದ್ದು 5.5 ಸ್ಯಾಕ್.

ಗಾಯಕ್ಕೆ ಯಾರೂ ಏನೂ ಮಾಡೋಕಾಗಲ್ಲ, ಬಿಡಿ. ನನಗೆ ಪಾಠ ಕಲಿಸಿದ್ದು ಡಿಗ್ಸ್. ಅವರಿಗೆ ಗಾಯವೂ ಆಗಿರಲಿಲ್ಲ, ಆಟವೂ ಕೆಟ್ಟಿರಲಿಲ್ಲ. ಆದರೆ 11 ಇದ್ದದ್ದು 3ಕ್ಕೆ ಇಳಿಯಿತು. ಇಂಟರ್‌ಸೆಪ್ಷನ್ ಅನ್ನೋದು ಎದುರಾಳಿ ಎಸೆದರೆ, ಚೆಂಡು ಕೈಗೆ ಬಿದ್ದರೆ ಆಗೋದು. ಹೋದ ವರ್ಷ ಬಿತ್ತು ಅಂತ ಈ ವರ್ಷವೂ ಬೀಳಬೇಕಿಲ್ಲ.

ಇನ್ನೊಂದು ತಪ್ಪೂ ಆಗಿತ್ತು. ನಮ್ಮ ಆ್ಯಪ್‌ನಲ್ಲಿ ವ್ಯಾಟ್ ಅವರನ್ನು ಲೈನ್‌ಬ್ಯಾಕರ್ ಅಂತ ಹಾಕಿದ್ದರು. ಅವರ ಕೆಲಸ ಮಾತ್ರ ಅಂಚಿನಿಂದ ನುಗ್ಗಿ ಕ್ವಾರ್ಟರ್‌ಬ್ಯಾಕ್‌ನನ್ನು ಬೇಟೆಯಾಡೋದು. ಅಂದರೆ ವಾರಕ್ಕೆ ಹತ್ತು ಟ್ಯಾಕಲ್ ಮಾಡುವವರು ನಿಲ್ಲಬೇಕಾದ ಜಾಗವನ್ನು ನಾಲ್ಕೈದು ಟ್ಯಾಕಲ್ ಮಾಡುವವರಿಗೆ ಕೊಟ್ಟಿದ್ದೆ. ಅದೇ ಆಟಗಾರ ಲೈನ್‌ಮನ್ ಅಂತ ಸಿಕ್ಕಿದ್ದರೆ ಲೆಕ್ಕವೇ ಬೇರೆ. ಹೆಸರಿನ ಪಕ್ಕ ಆಟಗಾರನ ಜಾಗ ಸೂಚಿಸುವ ಯಾವ ಅಕ್ಷರ ಇದೆ ಅಂತ ಡ್ರಾಫ್ಟ್‌ಗೆ ಮೊದಲೇ ನೋಡಿಕೊಳ್ಳಿ. ವ್ಯಾಟ್ ಥರವೇ ಸ್ಯಾಕ್‌ಗೆ ಹೆಸರಾದ ಮೈಕಾ ಪಾರ್ಸನ್ಸ್ ವಿಷಯದಲ್ಲೂ ಇದೇ ಗೊಂದಲ ಆಗಿದೆ.

ಎರಡನೇ ವರ್ಷ: ಟ್ಯಾಕಲ್ ಒಂದೇ

ಸಿಟ್ಟೆದ್ದು ಪೂರ್ತಿ ಇನ್ನೊಂದು ಕಡೆಗೆ ಹೊರಳಿದೆ. 2023ರಲ್ಲಿ ಸ್ಯಾಕ್, ಇಂಟರ್‌ಸೆಪ್ಷನ್ ಎರಡನ್ನೂ ಪಕ್ಕಕ್ಕಿಟ್ಟು ಬರೀ ಟ್ಯಾಕಲ್ ಎಣಿಸಿ ಪಟ್ಟಿ ಮಾಡಿದೆ. ಮೇಲಿದ್ದವರು ಜಾಕ್ಸನ್‌ವಿಲ್‌ನ ಫೋಯೆ ಒಲುವೊಕುನ್. 2021ರಲ್ಲಿ ಅಟ್ಲಾಂಟಾಗೆ 192, 2022ರಲ್ಲಿ ಜಾಕ್ಸನ್‌ವಿಲ್‌ಗೆ 184, ಎರಡೂ ವರ್ಷ ಇಡೀ ಎನ್‌ಎಫ್‌ಎಲ್‌ಗೇ ಮೊದಲು. ತಂಡ ಬದಲಾದರೂ ಟ್ಯಾಕಲ್ ಬದಲಾಗಲಿಲ್ಲ. ಅದು ನನಗೆ ತುಂಬಾ ಹಿಡಿಸಿತು. ಆ ವರ್ಷವೂ ಅವರು 173 ಮಾಡಿದರು.

ಬಾಬಿ ವ್ಯಾಗ್ನರ್ ಇನ್ನೂ ಚೆನ್ನಾಗಿ ಕೈ ಹಿಡಿದರು. ವಯಸ್ಸು 33, ಒಂದು ವರ್ಷ ಲಾಸ್ ಏಂಜಲೀಸ್‌ನಲ್ಲಿ ಆಡಿ ಸಿಯಾಟಲ್‌ಗೆ ವಾಪಸ್ ಬಂದಿದ್ದರು. ಮುಗಿದ ಆಟಗಾರ ಅಂತ ಎಲ್ಲರೂ ಬಿಟ್ಟರು. ನನಗೆ ಕೊನೆಯ ಸುತ್ತುಗಳಲ್ಲಿ ಸಿಕ್ಕರು. ಸೀಸನ್ ಮುಗಿದಾಗ 183 ಟ್ಯಾಕಲ್, ಲೀಗ್‌ಗೇ ಮೊದಲು. 2012ರಲ್ಲಿ ಆಟಕ್ಕೆ ಬಂದಾಗಿನಿಂದ ಅವರು 100ಕ್ಕಿಂತ ಕೆಳಗೆ ಇಳಿದ ಸೀಸನ್ನೇ ಅಲ್ಲಿಯವರೆಗೆ ಇರಲಿಲ್ಲ.

ಹಾಗಾದರೆ ಈ ದಾರಿಯೇ ಸರಿ ಅಲ್ವಾ? ಲೈನ್‌ಬ್ಯಾಕರ್‌ಗಳ ಮಟ್ಟಿಗೆ ಸರಿ. ಹಿಂದಿನ ಸಾಲಿಗೆ ಬಂದಾಗ ಎಡವಿದೆ. ಹ್ಯೂಸ್ಟನ್‌ನ ಸೇಫ್ಟಿ ಜೇಲೆನ್ ಪಿಟ್ರೆ 2022ರಲ್ಲಿ ಮೊದಲ ವರ್ಷದ ಆಟಗಾರನಾಗಿಯೇ 147 ಟ್ಯಾಕಲ್ ಮಾಡಿದ್ದರು. ಸೇಫ್ಟಿಗಳಲ್ಲಿ ಮೊದಲನೆಯವರಾಗಿ ಅವರನ್ನೇ ತಗೊಂಡೆ. 2023ರಲ್ಲಿ ಅವರು 100 ಕೂಡ ದಾಟಲಿಲ್ಲ.

ಯಾಕೆ ಅಂತ ಆಮೇಲೆ ಕೂತು ನೋಡಿದೆ. 2022ರ ಹ್ಯೂಸ್ಟನ್ 3 ಪಂದ್ಯ ಗೆದ್ದಿತ್ತು, 13 ಸೋತಿತ್ತು. ಚೆಂಡು ಹಿಡಿದು ಓಡುವವರನ್ನು ತಡೆಯುವುದರಲ್ಲಿ ಇಡೀ ಲೀಗ್‌ಗೇ ಕೊನೆ. ಮುಂದಿನ ಎರಡು ಸಾಲು ದಾಟಿ ಬಂದವರನ್ನೆಲ್ಲ ಪಿಟ್ರೆಯೇ ಹಿಡಿಯಬೇಕಿತ್ತು. ಮನೆಯ ಬೇಲಿ ಮುರಿದಿದ್ದರೆ ದನ ಓಡಿಸುವ ಕೆಲಸ ಜಾಸ್ತಿ ತಾನೇ. ಮರುವರ್ಷ ಡಿಮೇಕೊ ರಯನ್ಸ್ ಕೋಚ್ ಆಗಿ ಬಂದು ಮುಂದಿನ ಸಾಲು ಸರಿ ಮಾಡಿದರು. ತಂಡ 10 ಪಂದ್ಯ ಗೆದ್ದಿತು. ಓಡುವವರು ಪಿಟ್ರೆ ತನಕ ಬರೋದೇ ಕಡಿಮೆಯಾಯಿತು.

ಲೈನ್‌ಮನ್‌ಗಳ ಜಾಗದಲ್ಲೂ ಪೆಟ್ಟು ಬಿತ್ತು. ಟ್ಯಾಕಲ್ ಲೆಕ್ಕದಲ್ಲಿ ಅವರೆಲ್ಲ ಪಟ್ಟಿಯ ತಳದಲ್ಲಿದ್ದರು, ಹಾಗಾಗಿ ಕೊನೆಗೆ ಬಿಟ್ಟೆ. ಒಳ್ಳೆಯವರೆಲ್ಲ ಅಷ್ಟರಲ್ಲಿ ಖಾಲಿ. ಪ್ರತಿ ಮಂಗಳವಾರ ವೇವರ್‌ನಲ್ಲಿ, ಅಂದರೆ ಯಾರ ತಂಡದಲ್ಲೂ ಇಲ್ಲದವರ ಪಟ್ಟಿಯಲ್ಲಿ, ಹೊಸ ಲೈನ್‌ಮನ್ ಹುಡುಕೋದೇ ಕೆಲಸವಾಯಿತು. ನಮ್ಮ ಫ್ಯಾಂಟಸಿ ಲೀಗ್‌ನಲ್ಲಿರುವ ಹಾಸನದ ಗೆಳೆಯ ಲಾಸ್ ವೇಗಸ್‌ನ ಮ್ಯಾಕ್ಸ್ ಕ್ರಾಸ್ಬಿಯನ್ನು ತಗೊಂಡಿದ್ದ. 14.5 ಸ್ಯಾಕ್, ಮೇಲೆ 90 ಟ್ಯಾಕಲ್. "ಗುರು, ನಿನ್ನ ಲೈನ್‌ಬ್ಯಾಕರ್ ಮೂವರೂ ಚೆನ್ನಾಗಿದಾರೆ. ಆದ್ರೆ ಅಂಥೋರು ಇನ್ನೂ ಹತ್ತು ಜನ ಸಿಗ್ತಾರೆ. ಕ್ರಾಸ್ಬಿ ಥರ ಇನ್ನೊಬ್ಬನ್ನ ತೋರ್ಸು ನೋಡೋಣ" ಅಂದ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಮೂರನೇ ವರ್ಷ: ಕೆಲಸ ಏನು, ಅಂತರ ಎಷ್ಟು

2024ರಲ್ಲಿ ಪಾಯಿಂಟ್ ನೋಡೋದನ್ನು ಬಿಟ್ಟು ಎರಡು ಪ್ರಶ್ನೆ ಇಟ್ಟುಕೊಂಡೆ. ಈ ಆಟಗಾರ ಎಷ್ಟು ಸ್ನ್ಯಾಪ್ (ಚೆಂಡು ಆಟಕ್ಕೆ ಬರುವ ಒಂದೊಂದು ಸಲ) ಮೈದಾನದಲ್ಲಿರುತ್ತಾರೆ, ಎಲ್ಲಿ ನಿಲ್ಲುತ್ತಾರೆ? ಇವರು ಕೈತಪ್ಪಿದರೆ ಅದೇ ಜಾಗಕ್ಕೆ ಆಮೇಲೆ ಸಿಗುವವರು ಎಷ್ಟು ಕಡಿಮೆ?

ಮೊದಲ ಪ್ರಶ್ನೆಗೆ ಉತ್ತರ ಆಟಗಾರನ ಹೆಲ್ಮೆಟ್ ಹಿಂದೆಯೇ ಅಂಟಿಸಿರುತ್ತದೆ. ಟಿವಿಯಲ್ಲಿ ಡಿಫೆನ್ಸ್ ಆಟಗಾರರು ಬೆನ್ನು ತಿರುಗಿಸಿದಾಗ ನೋಡಿ. ಒಬ್ಬರ ಹೆಲ್ಮೆಟ್ ಮೇಲೆ ಮಾತ್ರ ಸಣ್ಣ ಹಸಿರು ಚುಕ್ಕೆ ಇರುತ್ತದೆ. ಆ ಹೆಲ್ಮೆಟ್‌ನೊಳಗೆ ಸ್ಪೀಕರ್ ಇದೆ, ಕೋಚ್ ನೇರವಾಗಿ ಅವರ ಕಿವಿಗೆ ಮಾತಾಡುತ್ತಾರೆ. ಡಿಫೆನ್ಸ್‌ಗೆ ಇದನ್ನು ಕೊಟ್ಟಿದ್ದು 2008ರಲ್ಲಿ. ಮುಂದಿನ ಸ್ನ್ಯಾಪ್‌ಗೆ ಸಮಯ ಎಣಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ಧ್ವನಿ ಕಟ್ ಆಗುತ್ತದೆ, ಅಷ್ಟರಲ್ಲಿ ಆ ಆಟಗಾರ ಉಳಿದ ಹತ್ತು ಜನರಿಗೆ ವಿಷಯ ತಿಳಿಸಬೇಕು. ಅಂಥವರನ್ನು ಹೊರಗೆ ಕೂರಿಸೋಕೆ ಕೋಚ್‌ಗೆ ಮನಸ್ಸೇ ಬರಲ್ಲ. ಹೆಚ್ಚಾಗಿ ಅವರು ನಡುವಿನ ಲೈನ್‌ಬ್ಯಾಕರ್ ಆಗಿರುತ್ತಾರೆ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಈಗ ಎಲ್ಲರೂ ಪಾಸ್ ಎಸೆಯೋದೇ ಜಾಸ್ತಿ. ಅದನ್ನು ತಡೆಯೋಕೆ ತಂಡಗಳು ಹಿಂದೆ ಐದು ಜನರನ್ನು ನಿಲ್ಲಿಸುತ್ತವೆ. ಆ ಐದನೆಯವರಿಗೆ ಜಾಗ ಬಿಟ್ಟು ಹೊರಗೆ ಹೋಗೋದು ಮೂರನೇ ಲೈನ್‌ಬ್ಯಾಕರ್. ಕಾಗದದ ಮೇಲೆ ಅವರೂ ಮೊದಲ ಹನ್ನೊಂದರಲ್ಲೇ ಇರುತ್ತಾರೆ, ಮೈದಾನದಲ್ಲಿ ಅರ್ಧ ಹೊತ್ತೂ ಇರಲ್ಲ.

ಈ ಲೆಕ್ಕದಲ್ಲಿ ಮೇಲೆ ಬಂದವರು ಇಂಡಿಯಾನಾಪೊಲಿಸ್‌ನ ಝೈರ್ ಫ್ರಾಂಕ್ಲಿನ್. 2018ರಲ್ಲಿ ಏಳನೇ ಸುತ್ತಿನಲ್ಲಿ, ಅಂದರೆ ಕಟ್ಟಕಡೆಯ ಸುತ್ತಿನಲ್ಲಿ ತಂಡಕ್ಕೆ ಬಂದವರು. 2022ರಲ್ಲಿ ಶಕೀಲ್ ಲೆನರ್ಡ್ ಗಾಯಗೊಂಡಾಗ ಜಾಗ ಸಿಕ್ಕಿತು. ಆ ವರ್ಷ 167, ಮರುವರ್ಷ 179. ಆದರೂ ನಮ್ಮ ಲೀಗ್‌ನಲ್ಲಿ ಅವರ ಹೆಸರು ಹೇಳಿದಾಗ ಇಬ್ಬರು ಯಾರು ಅಂತ ಕೇಳಿದರು. 2024ರಲ್ಲಿ ಅವರು 173 ಟ್ಯಾಕಲ್ ಮಾಡಿ ಲೀಗ್‌ಗೇ ಮೊದಲಾದರು. ಜೊತೆಗೆ ಬಾಲ್ಟಿಮೋರ್‌ನ ರೋಕ್ವಾನ್ ಸ್ಮಿತ್. 2021ರಿಂದ ಅವರ ಸಾಲು ನೋಡಿ: 163, 169, 158, 154. 169ರ ವರ್ಷ ಅವರು ಸೀಸನ್ ಮಧ್ಯದಲ್ಲೇ ಶಿಕಾಗೋ ಬಿಟ್ಟು ಬಾಲ್ಟಿಮೋರ್‌ಗೆ ಹೋಗಿದ್ದರು. ಇಂಥ ಸಾಲು ಇಂಟರ್‌ಸೆಪ್ಷನ್‌ನಲ್ಲಿ ನಿಮಗೆ ಸಿಗೋದೇ ಇಲ್ಲ.

ಸೇಫ್ಟಿಗೆ ಅರಿಜೋನಾದ ಬಡ್ಡಾ ಬೇಕರ್. ಹಿಂದಿನ ವರ್ಷ ಗಾಯದಿಂದ ಪಂದ್ಯಗಳು ತಪ್ಪಿದ್ದವು, ಹಾಗಾಗಿ ಪಾಯಿಂಟ್ ಪಟ್ಟಿಯಲ್ಲಿ ಕೆಳಗಿದ್ದರು. ಆದರೆ ಅವರು ನಿಲ್ಲೋದು ಎಲ್ಲಿ? ಲೈನ್‌ಗೆ ಹತ್ತಿರ ಬಂದು, ಲೈನ್‌ಬ್ಯಾಕರ್ ಥರ. ಅರಿಜೋನಾದ ಮುಂದಿನ ಸಾಲು ದೊಡ್ಡದಾಗಿ ಸುಧಾರಿಸಿದ ಹಾಗೂ ಕಾಣಲಿಲ್ಲ. ಪಿಟ್ರೆ ಕಲಿಸಿದ ಪಾಠ ಇಲ್ಲಿ ಕೆಲಸಕ್ಕೆ ಬಂತು. ಬೇಕರ್ 164 ಟ್ಯಾಕಲ್ ಮಾಡಿದರು.

ಎರಡನೇ ಪ್ರಶ್ನೆ, ಅಂತರದ್ದು. ಹನ್ನೆರಡು ತಂಡಕ್ಕೆ 36 ಲೈನ್‌ಬ್ಯಾಕರ್ ಬೇಕು. ಎನ್‌ಎಫ್‌ಎಲ್‌ನಲ್ಲಿ 32 ತಂಡ, ಪೂರ್ತಿ ಹೊತ್ತು ಆಡುವವರು ತಂಡಕ್ಕೆ ಒಬ್ಬಿಬ್ಬರು. ಮೊದಲ ಐದಾರು ಜನ ಹೋದ ಮೇಲೆ ಉಳಿದವರು ಹೆಚ್ಚು ಕಡಿಮೆ ಒಂದೇ ಥರ. ಲೈನ್‌ಮನ್ ಬೇಕಾಗಿರೋದು 24 ಮಾತ್ರ. ಆದರೆ ಸ್ಯಾಕ್ ಮತ್ತು ಟ್ಯಾಕಲ್ ಎರಡನ್ನೂ ಕೊಡುವವರು ಬೆರಳೆಣಿಕೆಯಷ್ಟು. ಹಾಗಾಗಿ ಡಿಫೆನ್ಸ್‌ನಲ್ಲಿ ನನ್ನ ಮೊದಲ ಆಯ್ಕೆ ಲೈನ್‌ಬ್ಯಾಕರ್ ಆಗಿರಲಿಲ್ಲ, ಕ್ರಾಸ್ಬಿ ಆಗಿದ್ದರು. ಅವರು 100ರಲ್ಲಿ 90ಕ್ಕೂ ಹೆಚ್ಚು ಸ್ನ್ಯಾಪ್ ಆಡುವವರು. ಅಷ್ಟು ದೊಡ್ಡ ದೇಹ ಹೊತ್ತು ಅಷ್ಟು ಹೊತ್ತು ಓಡುವವರು ಆ ಜಾಗದಲ್ಲಿ ತುಂಬಾ ಕಡಿಮೆ.

ಆ ವರ್ಷವೇ ಅವರ ಕಾಲಿನ ಗಿಣ್ಣು ನೋವಾಗಿ 12 ಪಂದ್ಯಕ್ಕೆ ಸೀಸನ್ ಮುಗಿಯಿತು. ಬೇಜಾರಾಯಿತು. ಆದರೆ ಪಟ್ಟಿ ತಪ್ಪು ಅಂತ ಅನ್ನಿಸಲಿಲ್ಲ. ಅವರಿಲ್ಲದೆಯೂ ನನ್ನ ಡಿಫೆನ್ಸ್ ಹಿಂದಿನ ಎರಡೂ ವರ್ಷಕ್ಕಿಂತ ಮೇಲಿತ್ತು. ನಮ್ಮ ಲೀಗ್‌ನಲ್ಲಿ 2022ರಲ್ಲಿ ಒಂಬತ್ತನೇ ಜಾಗ, 2023ರಲ್ಲಿ ಆರನೇ ಜಾಗ ಸಿಕ್ಕಿತ್ತು. 2024ರಲ್ಲಿ ಮೂರನೇ ಜಾಗಕ್ಕೆ ಬಂದೆ.

ನಿಮ್ಮ ಲೀಗ್‌ನ ನಿಯಮ ಮೊದಲು

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೇರೆಯವರ ಪಟ್ಟಿಯನ್ನು ಹಾಗೇ ಎತ್ತಿಕೊಂಡು ಡ್ರಾಫ್ಟ್‌ಗೆ ಕೂರಬೇಡಿ. ಅದು ಯಾವ ಲೆಕ್ಕಕ್ಕೆ ಮಾಡಿದ್ದು ಅಂತ ಗೊತ್ತಿಲ್ಲದಿದ್ದರೆ ಉಪಯೋಗವಿಲ್ಲ. 2024ರ ಇಬ್ಬರನ್ನು ತಗೊಳ್ಳೋಣ. ಫ್ರಾಂಕ್ಲಿನ್: 173 ಟ್ಯಾಕಲ್, 3.5 ಸ್ಯಾಕ್. ಸಿನ್ಸಿನಾಟಿಯ ಟ್ರೇ ಹೆಂಡ್ರಿಕ್ಸನ್: 46 ಟ್ಯಾಕಲ್, 17.5 ಸ್ಯಾಕ್, ಆ ವರ್ಷ ಸ್ಯಾಕ್‌ನಲ್ಲಿ ಅವರೇ ಮೊದಲು. ಲೆಕ್ಕ ಸುಲಭವಾಗಲಿ ಅಂತ ಎಲ್ಲ ಟ್ಯಾಕಲ್‌ಗೂ ಒಂದೇ ಬೆಲೆ ಹಿಡಿಯೋಣ.

ನಮ್ಮ ಲೀಗ್‌ನಂತೆ ಟ್ಯಾಕಲ್‌ಗೆ 1, ಸ್ಯಾಕ್‌ಗೆ 3 ಅಂದರೆ ಫ್ರಾಂಕ್ಲಿನ್‌ಗೆ 183.5, ಹೆಂಡ್ರಿಕ್ಸನ್‌ಗೆ 98.5. ಹತ್ತಿರ ಹತ್ತಿರ ಎರಡು ಪಟ್ಟು. ಈಗ ಟ್ಯಾಕಲ್‌ಗೆ ಅರ್ಧ, ಸ್ಯಾಕ್‌ಗೆ 6 ಮಾಡಿ. ಫ್ರಾಂಕ್ಲಿನ್ 107.5ಕ್ಕೆ ಇಳಿದರು, ಹೆಂಡ್ರಿಕ್ಸನ್ 128ಕ್ಕೆ ಏರಿದರು. ಆಟ ಅದೇ, ಆಟಗಾರರು ಅವರೇ. ಮೇಲಿದ್ದವರು ಕೆಳಗೆ ಬಂದರು, ಅಷ್ಟೇ. ನಿಮ್ಮ ಲೀಗ್ ಎರಡನೇ ಥರದ್ದಾಗಿದ್ದರೆ ನಾನು ಮೇಲೆ ಲೈನ್‌ಬ್ಯಾಕರ್ ಬಗ್ಗೆ ಹೇಳಿದ್ದರಲ್ಲಿ ಅರ್ಧ ಮರೆತುಬಿಡಿ, ಸ್ಯಾಕ್ ಮಾಡುವವರ ಹಿಂದೆ ಹೋಗಿ.

ಜೊತೆ ಸೇರಿ ಮಾಡಿದ ಟ್ಯಾಕಲ್‌ಗೆ ಪೂರ್ತಿ ಪಾಯಿಂಟ್ ಕೊಡುವ ಲೀಗ್‌ಗಳೂ ಇವೆ. ಅದನ್ನು ಬರೆದುಕೊಳ್ಳೋದು ಆತಿಥೇಯ ತಂಡದ ಅಂಕಿಅಂಶ ಸಿಬ್ಬಂದಿ. ಕೆಲವು ಕ್ರೀಡಾಂಗಣಗಳಲ್ಲಿ ಧಾರಾಳವಾಗಿ ಕೊಡುತ್ತಾರೆ, ಕೆಲವು ಕಡೆ ಕೈ ಬಿಗಿ. ಹತ್ತಿರ ಹತ್ತಿರ ಇರುವ ಇಬ್ಬರಲ್ಲಿ ಒಬ್ಬರನ್ನು ಆರಿಸುವಾಗ ಇದನ್ನೂ ನೋಡಿ.

ಕಾರ್ನರ್‌ಬ್ಯಾಕ್‌ಗಳನ್ನು ಮೂರೂ ವರ್ಷದ ಅನುಭವದ ಮೇಲೆ ಕಟ್ಟಕಡೆಗೆ ಇಟ್ಟಿದ್ದೇನೆ. ಇಲ್ಲಿ ಚೆನ್ನಾಗಿ ಆಡಿದಷ್ಟೂ ಪಾಯಿಂಟ್ ಕಡಿಮೆ. ನ್ಯೂಯಾರ್ಕ್ ಜೆಟ್ಸ್‌ಗೆ ಸಾಸ್ ಗಾರ್ಡ್ನರ್ 2022ರಲ್ಲಿ ಹೊಸಬರಾಗಿ ಬಂದಾಗ ಎದುರಾಳಿಗಳು ಅವರ ಕಡೆಗೇ ಎಸೆದರು. 20 ಪಾಸ್ ತಡೆದು ಅವರು ಲೀಗ್‌ಗೇ ಮೊದಲಾದರು. ಮರುವರ್ಷ ಆ ಕಡೆ ಎಸೆಯೋದನ್ನೇ ಕಡಿಮೆ ಮಾಡಿದರು, ತಡೆದದ್ದು 11. ಕಬಡ್ಡಿಯಲ್ಲಿ ಗಟ್ಟಿ ಕಾರ್ನರ್ ಇರುವ ಕಡೆಗೆ ರೈಡರ್ ಕಾಲಿಡದೆ ವಾಪಸ್ ಬರ್ತಾನಲ್ಲ, ಹಾಗೆ. ಕೊನೆಯ ಸುತ್ತಿನಲ್ಲಿ ಯಾವುದಾದರೂ ತಂಡದ ಹೊಸ ಹುಡುಗ ಮೊದಲ ದಿನದಿಂದ ಆಡ್ತಾನೆ ಅಂತ ಗೊತ್ತಾದರೆ ಅವನನ್ನು ತಗೊಳ್ಳಿ, ಕ್ವಾರ್ಟರ್‌ಬ್ಯಾಕ್‌ಗಳು ಅವನನ್ನೇ ಪರೀಕ್ಷೆ ಮಾಡ್ತಾರೆ.

ಡ್ರಾಫ್ಟ್ ಮುಗಿದ ಮೇಲೂ ನಾನು ಪಟ್ಟಿ ಮಡಚಿಡಲ್ಲ. ಮೊದಲ ಭಾನುವಾರ ಪಾಯಿಂಟ್ ನೋಡದೆ ಸ್ನ್ಯಾಪ್ ಎಣಿಕೆ ನೋಡ್ತೀನಿ. ನನ್ನ ಲೈನ್‌ಬ್ಯಾಕರ್ ಎಂಟು ಟ್ಯಾಕಲ್ ಮಾಡಿದ್ದರೂ ಅರ್ಧ ಸ್ನ್ಯಾಪ್ ಹೊರಗಿದ್ದರೆ, ಮೂರೇ ಟ್ಯಾಕಲ್ ಮಾಡಿ ಒಂದೂ ಸ್ನ್ಯಾಪ್ ಬಿಡದೆ ಆಡಿದ ಇನ್ನೊಬ್ಬರು ವೇವರ್‌ನಲ್ಲಿ ಇದ್ದಾರಾ ಅಂತ ಹುಡುಕ್ತೀನಿ. ಮಂಗಳವಾರ ರಾತ್ರಿ ಮಲಗೋ ಮುಂಚೆ ಬದಲಾಯಿಸಿಬಿಡ್ತೀನಿ.