ಮೂರು ಮಳೆಗಾಲ ಬಳಸಿದ ಮೇಲೆ: ಡಿ ಅಂಡ್ ಡಿ ಸ್ಟಾರ್ಟರ್ ಸೆಟ್, ಪಕ್ಕದಲ್ಲಿ ಕಟಾನ್

ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಮಡಿಕೇರಿ ಕಡೆ ಸಂಜೆ ಬೇಗ ಕವಿಯುತ್ತದೆ, ಕರೆಂಟನ್ನು ನಂಬುವಂತಿಲ್ಲ. ಮನೆಯಲ್ಲಿ ನಾಲ್ಕೈದು ಜನ ಕೂತಿದ್ದಾರೆ. ಯಾವ ಡಬ್ಬಿ ತೆರೆಯಬೇಕು? ಒಂದು, ಒಬ್ಬರು ಕಥೆ ನಡೆಸಿ ಉಳಿದವರು ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಐದನೇ ಆವೃತ್ತಿಯ 2014ರ ಸ್ಟಾರ್ಟರ್ ಸೆಟ್: 32 ಪುಟದ ನಿಯಮ, 64 ಪುಟದ ಸಾಹಸ, ಐದು ಸಿದ್ಧ ಪಾತ್ರಗಳು, ಆರು ದಾಳ. ಇನ್ನೊಂದು, 1995ರಿಂದ ಮಾರುಕಟ್ಟೆಯಲ್ಲಿರುವ ಕಟಾನ್: ದಾಳಕ್ಕೆ ತಕ್ಕಂತೆ ಇಟ್ಟಿಗೆ, ಕುರಿ, ಗೋಧಿಯಂಥ ಸಂಪನ್ಮೂಲ ಗಳಿಸಿ, ವ್ಯಾಪಾರ ಮಾಡಿ ಮನೆ ಕಟ್ಟುವ ಹಲಗೆಯಾಟ.

ಕಟಾನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹತ್ತು ಅಂಕ ಮೊದಲು ಮುಟ್ಟಿದವರು ಗೆದ್ದರು, ಅಷ್ಟೆ. ಎರಡು ದಾಳ ಸೇರಿ 6 ಅಥವಾ 8 ಬೀಳುವ ಸಾಧ್ಯತೆ ತಲಾ 36ರಲ್ಲಿ 5, 2 ಅಥವಾ 12ಕ್ಕೆ ತಲಾ 36ರಲ್ಲಿ 1. ಮೊದಲ ಮನೆ ಎಲ್ಲಿ ಕಟ್ಟಬೇಕೆಂಬುದನ್ನು ಈ ಲೆಕ್ಕವೇ ಬಹುಪಾಲು ಹೇಳಿಬಿಡುತ್ತದೆ. ತೊಂದರೆ ಕೊನೆಯಲ್ಲಿ. ಶುರುವಿನಲ್ಲಿ ಇಟ್ಟಿಗೆ ಕೊಟ್ಟು ಕುರಿ ತೆಗೆದುಕೊಂಡರೆ ಇಬ್ಬರಿಗೂ ಲಾಭ. ಒಬ್ಬರು ಎಂಟು ಅಂಕ ದಾಟುತ್ತಲೇ ಅವರ ಜೊತೆ ವ್ಯಾಪಾರ ನಿಂತುಹೋಗುತ್ತದೆ, ಏಕೆಂದರೆ ಅವರ ಲಾಭ ಈಗ ಉಳಿದವರ ಸೋಲು. ಗೆಲ್ಲುವ ಆಸೆ ಬಿಟ್ಟ ಮೂರನೆಯವರು ಯಾರಿಗೆ ಗೋಧಿ ಕೊಡುತ್ತಾರೋ ಅವರೇ ರಾಜ. ಅಳಗುಳಿ ಮಣೆಯಲ್ಲಿ ಈ ರಗಳೆ ಇಲ್ಲ: ಇಬ್ಬರೇ, 14 ಗುಳಿ, ಕಾಯಿ ಎಲ್ಲ ಕಣ್ಣೆದುರಿಗೆ.

ಸ್ಟಾರ್ಟರ್ ಸೆಟ್‌ನಲ್ಲಿ ಗೆಲುವು ಎಂದರೇನು ಎಂಬುದನ್ನು ಡಬ್ಬಿ ಹೇಳುವುದಿಲ್ಲ. ಅದನ್ನು ಮೇಜಿನ ಸುತ್ತ ಕೂತವರೇ ತೀರ್ಮಾನಿಸಬೇಕು, ಎಡವಟ್ಟುಗಳೂ ಅಲ್ಲಿಂದಲೇ ಹುಟ್ಟುತ್ತವೆ. ಯಾವುದಕ್ಕೆ ಅನುಭವದ ಅಂಕ ಸಿಗುತ್ತದೋ ಆಟಗಾರರು ಅದನ್ನೇ ಮಾಡುತ್ತಾರೆ. 1974ರ ಮೂಲ ಆಟದಲ್ಲಿ ನಿಧಿ ಹೊತ್ತು ತಂದರೂ ಅಂಕ ಸಿಗುತ್ತಿತ್ತು, ಹಾಗಾಗಿ ಕಾದಾಡದೆ ಕದ್ದು ತರುವುದೇ ಜಾಣತನವಾಗಿತ್ತು. ಐದನೇ ಆವೃತ್ತಿಯಲ್ಲಿ ಅಂಕ ಮುಖ್ಯವಾಗಿ ಶತ್ರುಗಳನ್ನು ಸೋಲಿಸಿದ್ದಕ್ಕೆ. ಮಾತಿನಲ್ಲಿ ಮುಗಿಯುವ ಜಗಳವೂ ಕತ್ತಿಗೇ ಹೋಗುತ್ತದೆ. ಅಂಕದ ಲೆಕ್ಕ ಬಿಟ್ಟು, ಕಥೆಯ ಒಂದೊಂದು ಘಟ್ಟ ಮುಗಿದಾಗ ಎಲ್ಲರನ್ನೂ ಒಟ್ಟಿಗೆ ಮುಂದಿನ ಮಟ್ಟಕ್ಕೆ ಏರಿಸಿ. ಆಟದ ವರಸೆ ತಕ್ಷಣ ಬದಲಾಗುತ್ತದೆ.

ಎರಡನೆಯ ಎಡವಟ್ಟು ದಾಳದ್ದು. ಆಟ ನಡೆಸುವವರು ಹೊಸಬರಾದರೆ ಕಾವಲುಗಾರನ ಕಣ್ಣು ತಪ್ಪಿಸಲು ಮೂರು ಸಲ ದಾಳ ಹಾಕಿಸುತ್ತಾರೆ. ಇಪ್ಪತ್ತು ಮುಖದ ದಾಳದಲ್ಲಿ ಮುಟ್ಟಬೇಕಾದ ಗುರಿ 15, ಬಿದ್ದದ್ದಕ್ಕೆ ಪಾತ್ರ ಸೇರಿಸಿಕೊಳ್ಳುವುದು +5 ಆದರೆ ಒಂದು ಸಲ ಪಾರಾಗುವ ಸಾಧ್ಯತೆ ಶೇ. 55. ಮೂರೂ ಸಲ ಪಾರಾಗುವುದು ಶೇ. 17ಕ್ಕೂ ಕಡಿಮೆ. ಒಳ್ಳೆಯ ಉಪಾಯವೂ ಹೀಗೆ ಮಣ್ಣುಪಾಲು. ಒಂದೇ ಸಲ ಹಾಕಿಸಿ, ಬಿದ್ದದ್ದನ್ನು ಕೊನೆಯವರೆಗೆ ಒಪ್ಪಿಕೊಳ್ಳಿ. ನಾಲ್ವರು ಒಟ್ಟಿಗೆ ನುಸುಳುವಾಗಲೂ ಅಷ್ಟೆ: ತಲಾ ಶೇ. 50 ಇದ್ದು ಎಲ್ಲರೂ ಗೆಲ್ಲಲೇಬೇಕೆಂದರೆ ಶೇ. 6 ಚಿಲ್ಲರೆ; ಅರ್ಧ ಜನ ಗೆದ್ದರೆ ಸಾಕು ಎಂಬ ಗುಂಪು ಪರೀಕ್ಷೆಯ ನಿಯಮ ಬಳಸಿದರೆ ಸುಮಾರು ಶೇ. 69. ಈ ನಿಯಮ ಐದನೇ ಆವೃತ್ತಿಯಲ್ಲೇ ಇದೆ, ಯಾಕೋ ಬಹಳ ಜನ ಮರೆಯುತ್ತಾರೆ.

ಸಾಹಸದ ಮೊದಲ ಕಾಳಗ ನಾಲ್ಕು ಗಾಬ್ಲಿನ್‌ಗಳ (ಕುಳ್ಳ ರಕ್ಕಸರ) ಹೊಂಚು. ಅದೊಂದು ವಿನ್ಯಾಸದ ದೋಷ ಎಂದೇ ನಮ್ಮ ಅಭಿಪ್ರಾಯ. ಗಾಬ್ಲಿನ್‌ನ ಹೊಡೆತಕ್ಕೆ +4, ಬಿದ್ದರೆ ಸರಾಸರಿ 5.5 ಪೆಟ್ಟು. ಆರ್ಮರ್ ಕ್ಲಾಸ್ (ಏಟು ತಾಗಲು ದಾಳ ಮುಟ್ಟಬೇಕಾದ ಅಂಕಿ) 12 ಇರುವ ಒಂದೇ ಪಾತ್ರದ ಮೇಲೆ ನಾಲ್ಕೂ ಮುಗಿಬಿದ್ದರೆ ಒಂದು ಸುತ್ತಿಗೆ ಸರಾಸರಿ 14–15 ಪೆಟ್ಟು. ಒಂದನೇ ಮಟ್ಟದಲ್ಲಿ ಡಬ್ಬಿಯ ಐದು ಪಾತ್ರಗಳಲ್ಲಿ ಯಾರಿಗೂ ಅಷ್ಟು ಜೀವಾಂಕ (ಬೀಳುವ ಮೊದಲು ತಾಳಬಲ್ಲ ಪೆಟ್ಟು) ಇರುವುದಿಲ್ಲ. ಮೊದಲ ಸುತ್ತಿನಲ್ಲಿ ಎರಡೇ ಗಾಬ್ಲಿನ್ ಬರಲಿ, ಇನ್ನೆರಡು ಎರಡನೇ ಸುತ್ತಿನಲ್ಲಿ.

ಅದರ ಬದಲು ಮೊದಲ ಸಂಜೆಗೆ ತೋಟದ ದಾರಿಯಲ್ಲಿ ಆನೆ ನಿಲ್ಲಿಸಿದರೆ ಇನ್ನೂ ಚೆನ್ನ. ನಿಯಮದ ಪ್ರಕಾರ ಆನೆಗೆ 76 ಜೀವಾಂಕ. ಕೊಡಗಿನವರಿಗೆ ಆನೆ ಎದುರಾದರೆ ಏನು ಮಾಡಬೇಕೆಂದು ಹೇಳಿಕೊಡಬೇಕೇ? ಓಡುವುದೂ ಒಂದು ನಡೆ ಎಂಬುದು ಐದು ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಆನೆಯ ಅಂಕಿಗಳು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂದ ಎಸ್‌ಆರ್‌ಡಿ 5.1 ಎಂಬ ನಿಯಮ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ.

ಪ್ಯಾಂಡೆಮಿಕ್‌ನಂಥ ಸಹಕಾರದ ಆಟದಲ್ಲಿ ಒಬ್ಬರೇ ಎಲ್ಲರ ನಡೆಯನ್ನೂ ಹೇಳಿಕೊಡುವ ಚಾಳಿ ಇಲ್ಲಿಯೂ ಕಾಣುತ್ತದೆ, ಮುಖ್ಯವಾಗಿ ನಿಯಮ ಓದಿಕೊಂಡವರಿಂದ. ಅವರನ್ನೇ ಆಟ ನಡೆಸಲು ಕೂರಿಸಿ, ಸಮಸ್ಯೆ ಮುಗಿಯಿತು. ಮಾತು ಕನ್ನಡದಲ್ಲೋ ಕೊಡವ ತಕ್ಕಿನಲ್ಲೋ ನಡೆಯಲಿ, ಆದರೆ ಆರ್ಮರ್ ಕ್ಲಾಸ್, ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ಹೆಚ್ಚಿನದನ್ನು ಹಿಡಿಯುವುದು) ಇವನ್ನು ಅನುವಾದಿಸಲು ಹೋಗಬೇಡಿ. ಹಾಳೆಯಲ್ಲಿ ಹುಡುಕುವಾಗ ಪರದಾಡುತ್ತೀರಿ.

ಇನ್ನು ಥಂಡಿ. ಕಟಾನ್‌ನ 95 ಸಂಪನ್ಮೂಲ ಕಾರ್ಡುಗಳು ಜುಲೈ ಹೊತ್ತಿಗೆ ಬಾಗುತ್ತವೆ, ಕಲೆಸುವುದು ಕಷ್ಟ, ಬಾಗಿದ ಕಾರ್ಡು ಬೆನ್ನಿನಿಂದಲೇ ಗುರುತು ಸಿಗುತ್ತದೆ. ಎಲ್ಲಕ್ಕೂ ಪ್ಲಾಸ್ಟಿಕ್ ಸ್ಲೀವ್ ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಸ್ಟಾರ್ಟರ್ ಸೆಟ್‌ಗೆ ಈ ಕಾಟ ಕಡಿಮೆ. ಪಾತ್ರದ ಹಾಳೆ ಮಾತ್ರ ಥಂಡಿ ಹಿಡಿದಾಗ ರಬ್ಬರಿಗೆ ಹರಿಯುತ್ತದೆ. ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು, ಜೀವಾಂಕವನ್ನು ಒರೆಸುವ ಮಾರ್ಕರಿನಲ್ಲಿ ಮೇಲೆಯೇ ಬರೆಯಿರಿ.

ನೆಂಟರು ಬಂದು ಹೋಗುವ ಮನೆಗೆ ಕಟಾನ್ ಸಾಕು, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಮೂಲ ಡಬ್ಬಿ ಮೂವರು ಅಥವಾ ನಾಲ್ವರಿಗೆ ಮಾತ್ರ ಎಂಬುದು ನೆನಪಿರಲಿ. ಅದೇ ಐವರು ವಾರಕ್ಕೊಂದು ಸಂಜೆ ತಪ್ಪದೆ ಸೇರುತ್ತಾರೆಂದರೆ ಸ್ಟಾರ್ಟರ್ ಸೆಟ್. ಆದರೆ ಅದರ ಸಾಹಸ ಒಮ್ಮೆ ಆಡಿದರೆ ಗುಟ್ಟೆಲ್ಲ ಬಯಲು. ಮತ್ತೆ ಅದೇ ಗುಂಪಿಗೆ ಆಡಿಸಲಾಗದು, ವಿರಾಜಪೇಟೆಯ ನೆಂಟರಿಗೆ ಡಬ್ಬಿ ದಾಟಿಸುವುದೇ ವಾಸಿ. ದಾಳಗಳನ್ನು ಮಾತ್ರ ಇಟ್ಟುಕೊಳ್ಳಿ.