ಡಿಎನ್‌ಎಸ್‌ನಲ್ಲಿ ಲೋಕಲ್‌ಹೋಸ್ಟ್: ಬೈಂಡ್, ಅನ್‌ಬೌಂಡ್, ಡಿಎನ್‌ಎಸ್‌ಮಾಸ್ಕ್ ಮೂರರಲ್ಲಿ ಯಾವುದು?

ಲೋಕಲ್‌ಹೋಸ್ಟ್ ಅಂದರೆ ಮೆಷಿನ್ ತನ್ನನ್ನೇ ಕರೆದುಕೊಳ್ಳುವ ಹೆಸರು, ವಿಳಾಸ 127.0.0.1. ಅದನ್ನು ಮೆಷಿನ್ ಒಳಗೇ ಇರುವ ಹೆಸರು-ವಿಳಾಸಗಳ ಪಟ್ಟಿಯಾದ ಹೋಸ್ಟ್ಸ್ ಫೈಲೇ ನೋಡಿಕೊಳ್ಳುತ್ತದಲ್ವಾ, ಹೆಸರು ಕೇಳಿದರೆ ವಿಳಾಸ ಹೇಳುವ ಡಿಎನ್‌ಎಸ್ ಸರ್ವರ್‌ಗೆ ಅಲ್ಲೇನು ಕೆಲಸ ಅಂತ ಕೇಳುವವರಿದ್ದಾರೆ. ಕೆಲಸ ಇದೆ. ಕೆಲವು ಪ್ರೋಗ್ರಾಂಗಳು ಹೋಸ್ಟ್ಸ್ ಫೈಲ್ ನೋಡದೆ ನೇರವಾಗಿ ಸರ್ವರ್ ಅನ್ನೇ ಕೇಳುತ್ತವೆ. ಆ ಪ್ರಶ್ನೆ ಸುಮ್ನೆ ಇಡೀ ಇಂಟರ್‌ನೆಟ್‌ನ ಡಿಎನ್‌ಎಸ್‌ಗೆ ಬುಡವಾದ ರೂಟ್ ಸರ್ವರ್ ತನಕ ಹೋಗಬಾರದು. 1996ರ ಆರ್‌ಎಫ್‌ಸಿ 1912 (ಆರ್‌ಎಫ್‌ಸಿ ಅಂದರೆ ಇಂಟರ್‌ನೆಟ್‌ನ ತಾಂತ್ರಿಕ ದಾಖಲೆ) ಇದನ್ನು ಹೇಳಿತ್ತು, 2013ರ ಆರ್‌ಎಫ್‌ಸಿ 6761 ಇನ್ನೂ ಗಟ್ಟಿಯಾಗಿ ಹೇಳಿತು. ಮನೆಯ ಡೆಬಿಯನ್ ಲಿನಕ್ಸ್ ಮೆಷಿನ್‌ನಲ್ಲಿ ಬೈಂಡ್, ಅನ್‌ಬೌಂಡ್, ಡಿಎನ್‌ಎಸ್‌ಮಾಸ್ಕ್ ಮೂರು ಡಿಎನ್‌ಎಸ್ ಸರ್ವರ್‌ಗಳನ್ನೂ ಹಾಕಿ ನೋಡಿದ್ದೇನೆ. ನನ್ನ ಆಯ್ಕೆ ಅನ್‌ಬೌಂಡ್.

ಬೈಂಡ್‌ನಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕಲಿಯುವವರಿಗೆ ಅದೇ ಒಳ್ಳೆಯದು. ಡೆಬಿಯನ್ ಎರಡು ಝೋನ್ ಫೈಲ್ (ಡಿಎನ್‌ಎಸ್‌ನ ಒಂದು ಭಾಗದ ಹೆಸರು-ವಿಳಾಸಗಳನ್ನು ಬರೆದಿಡುವ ಫೈಲ್) ಕೊಟ್ಟಿರುತ್ತದೆ: ಹೆಸರಿನಿಂದ ವಿಳಾಸಕ್ಕೆ ಡಿಬಿ.ಲೋಕಲ್, ವಿಳಾಸದಿಂದ ಹೆಸರಿಗೆ ಡಿಬಿ.127. ತೊಂದರೆ ಕೈಯಾರೆ ಬರೆಯುವಾಗ ಶುರುವಾಗುತ್ತದೆ. ವಿಳಾಸಕ್ಕೆ ಹೆಸರು ಹೇಳುವ ಪಿಟಿಆರ್ ಸಾಲಿನ ಕೊನೆಯಲ್ಲಿ ಲೋಕಲ್‌ಹೋಸ್ಟ್ ಆದ ಮೇಲೆ ಚುಕ್ಕಿ ಹಾಕಲು ಮರೆತರೆ ಝೋನ್‌ನ ಹೆಸರೂ ಅದರ ಬಾಲಕ್ಕೆ ಅಂಟಿಕೊಳ್ಳುತ್ತದೆ, ಫೈಲ್ ಪರೀಕ್ಷಿಸುವ ಟೂಲ್ ಕೂಡ ಏನೂ ಹೇಳುವುದಿಲ್ಲ, ಯಾಕಂದರೆ ವ್ಯಾಕರಣದ ಲೆಕ್ಕದಲ್ಲಿ ಅದು ಸರಿಯೇ. ಇನ್ನೊಂದು ಕೊರತೆ, ಐಪಿವಿ6ನಲ್ಲಿ ಲೋಕಲ್‌ಹೋಸ್ಟ್‌ನ ವಿಳಾಸವಾದ ::1ಕ್ಕೆ ಹಿಮ್ಮುಖ (ವಿಳಾಸದಿಂದ ಹೆಸರಿಗೆ) ಝೋನ್ ಆ ಫೈಲ್‌ಗಳಲ್ಲಿಲ್ಲ. ಬೈಂಡ್ ತಾನಾಗಿ ಖಾಲಿ ಝೋನ್ ಇಟ್ಟುಕೊಂಡು ಖಾಲಿ ಉತ್ತರ ಕೊಡುತ್ತದೆ. ಬೇಕಿದ್ದರೆ ನೀವೇ ಬರೆಯಬೇಕು.

ಬೈಂಡ್ ಬಳಸುವವರು ಇದನ್ನು ದಯವಿಟ್ಟು ಗಮನಿಸಿ. ಹಳೆಯ ಝೋನ್ ಫೈಲ್‌ಗಳಲ್ಲಿ ಸ್ವಂತ ಡೊಮೇನ್ ಒಳಗೇ ಲೋಕಲ್‌ಹೋಸ್ಟ್ ಅಂತ ಒಂದು ಸಾಲು ಇರುತ್ತದೆ, 127.0.0.1ಕ್ಕೆ. ತೆಗೆದುಹಾಕಿ. ಇಡೀ ಡೊಮೇನ್‌ಗೆ ಕೊಟ್ಟ ಕುಕೀಯನ್ನು (ಲಾಗಿನ್‌ನಂಥದ್ದನ್ನು ನೆನಪಿಡುವ ಗುರುತು) ಬ್ರೌಸರ್ ಆ ಹೆಸರಿಗೂ ಕಳಿಸುತ್ತದೆ. ಹಲವರು ಬಳಸುವ ಮೆಷಿನ್ ಆದರೆ ಬೇರೆ ಬಳಕೆದಾರ ಅಲ್ಲೇ ಒಂದು ಪೋರ್ಟ್ ತೆರೆದು ಕಾದು ಕೂತು ಅದನ್ನು ಹಿಡಿಯಬಹುದು. ಭದ್ರತಾ ಸಂಶೋಧಕ ಟಾವಿಸ್ ಆರ್ಮಂಡಿ 2008ರಲ್ಲೇ ಇದನ್ನು ಎತ್ತಿ ತೋರಿಸಿದ್ದರು.

ಅನ್‌ಬೌಂಡ್‌ನಲ್ಲಿ ಮಾಡುವ ಕೆಲಸವೇ ಕಡಿಮೆ. ಲೋಕಲ್‌ಹೋಸ್ಟ್, 127ರ ಹಿಮ್ಮುಖ ಝೋನ್, ::1ರ ಹಿಮ್ಮುಖ ಝೋನ್ ಮೂರೂ ಒಳಗೇ ಇವೆ, ಒಂದು ಸಾಲೂ ಬರೆಯದೆ ಸರಿಯಾದ ಉತ್ತರ ಬರುತ್ತದೆ.

ಡಿಎನ್‌ಎಸ್‌ಮಾಸ್ಕ್ ಮೆಷಿನ್‌ನ ಹೋಸ್ಟ್ಸ್ ಫೈಲ್ ಅನ್ನೇ ಓದಿ ನೆಟ್‌ವರ್ಕ್‌ಗೆಲ್ಲ ಹೇಳುತ್ತದೆ. ಡೆವಲಪರ್‌ಗೆ ಇದರಷ್ಟು ಸುಲಭ ಇನ್ನೊಂದಿಲ್ಲ: ಅಡ್ರೆಸ್=/ಟೆಸ್ಟ್/127.0.0.1 ಅಂತ ಒಂದು ಸಾಲು ಹಾಕಿದರೆ .ಟೆಸ್ಟ್‌ನಲ್ಲಿ ಮುಗಿಯುವ ಎಲ್ಲ ಹೆಸರೂ ನಿಮ್ಮ ಲ್ಯಾಪ್‌ಟಾಪ್‌ಗೇ ಬರುತ್ತದೆ. ಹೋಸ್ಟ್ಸ್ ಫೈಲ್‌ನಲ್ಲಿ ಹಾಗೆ ಒಟ್ಟಿಗೆ ಹೇಳಲು ಆಗುವುದಿಲ್ಲ. .ಡೆವ್ ಮಾತ್ರ ಬೇಡ, ಅದು ಗೂಗಲ್‌ನ ನಿಜವಾದ ಡೊಮೇನ್, ಬ್ರೌಸರ್ ಎಚ್‌ಟಿಟಿಪಿಎಸ್ ಇಲ್ಲದೆ ತೆರೆಯುವುದಿಲ್ಲ. ಆದರೆ ಇಡೀ ಮನೆಗೆ ಇದನ್ನು ಇಡುವುದಾದರೆ ಹುಷಾರು. ಡೆಬಿಯನ್ ತನ್ನ ಹೋಸ್ಟ್ಸ್ ಫೈಲ್‌ನಲ್ಲಿ ಮೆಷಿನ್ ಹೆಸರಿನ ಎದುರು 127.0.1.1 ಬರೆದಿರುತ್ತದೆ, ಡಿಎನ್‌ಎಸ್‌ಮಾಸ್ಕ್ ಅದನ್ನೂ ಹಂಚುತ್ತದೆ, ಆಗ ಪಕ್ಕದ ಮೆಷಿನ್ ಸರ್ವರ್ ಅನ್ನು ಹುಡುಕುತ್ತಾ ತನ್ನನ್ನೇ ತಟ್ಟುತ್ತದೆ. ಆ ಸಾಲಿಗೆ ನಿಜವಾದ ಲ್ಯಾನ್ ವಿಳಾಸ ಕೊಡಿ. ಇಲ್ಲವೇ ಡಿಎನ್‌ಎಸ್‌ಮಾಸ್ಕ್‌ಗೆ ನೋ-ಹೋಸ್ಟ್ಸ್ ಸೆಟ್ಟಿಂಗ್ ಹಾಕಿ ಬೇರೆ ಫೈಲ್ ತೋರಿಸಿ, ಅದರಲ್ಲಿ ಲೋಕಲ್‌ಹೋಸ್ಟ್ ಸಾಲು ಇರಲಿ.

ಯಾವುದನ್ನೇ ಹಾಕಿದರೂ ಪರೀಕ್ಷೆಗೆ ಪಿಂಗ್ ನಂಬಬೇಡಿ. ಅದು ಮೊದಲು ನೋಡುವುದು ಹೋಸ್ಟ್ಸ್ ಫೈಲ್. ಡಿಎನ್‌ಎಸ್ ಸರ್ವರ್ ಅನ್ನೇ ನೇರವಾಗಿ ಕೇಳುವ ಡಿಗ್ ಟೂಲ್‌ನಿಂದ, ಸರ್ವರ್ ವಿಳಾಸ ಕೊಟ್ಟು, ಪಕ್ಕದ ಮೆಷಿನ್‌ನಿಂದ ಕೇಳಿ.

ಈಗ ನಮ್ಮಲ್ಲಿ ಮನೆಗೆಲ್ಲ ಅನ್‌ಬೌಂಡ್, ಡಿಎನ್‌ಎಸ್‌ಮಾಸ್ಕ್ ನನ್ನ ಲ್ಯಾಪ್‌ಟಾಪ್‌ಗೆ ಮಾತ್ರ. ಎರಡನ್ನೂ ಒಂದೇ ಮೆಷಿನ್‌ನಲ್ಲಿಟ್ಟು ಅನ್‌ಬೌಂಡ್‌ನಿಂದ 127.0.0.1ರ ಬೇರೆ ಪೋರ್ಟ್‌ನಲ್ಲಿರುವ ಡಿಎನ್‌ಎಸ್‌ಮಾಸ್ಕ್‌ಗೆ ಪ್ರಶ್ನೆ ದಾಟಿಸುವುದಾದರೆ ಅನ್‌ಬೌಂಡ್‌ನ ಡು-ನಾಟ್-ಕ್ವೆರಿ-ಲೋಕಲ್‌ಹೋಸ್ಟ್ ಸೆಟ್ಟಿಂಗ್ ಅನ್ನು ನೋ ಮಾಡಿ. ಮೊದಲಿನಿಂದ ಅದು ಎಸ್ ಆಗಿರುತ್ತದೆ, ಹಾಗೇ ಬಿಟ್ಟರೆ ಪ್ರಶ್ನೆ ದಾಟುವುದೇ ಇಲ್ಲ.